ತೋಟದ ಶಾಲೆ, ಪೇಟೆಯ ಶಾಲೆ

ನಮ್ಮ ಶಾಲೆ ಊರಲ್ಲಿಲ್ಲ, ತೋಟದಲ್ಲಿದೆ. ರಾಯಬಾಗ ತಾಲ್ಲೂಕಿನ ಈ ಭಾಗದಲ್ಲಿ ಜನ ಹೊಲದಲ್ಲೇ ಮನೆ ಕಟ್ಟಿಕೊಂಡಿರುವುದರಿಂದ ಕಬ್ಬಿನ ನಡುವೆ ಇಂಥ ಸರ್ಕಾರಿ ಶಾಲೆಗಳು ಬಹಳ. ಒಂದರಿಂದ ಐದನೇ ತರಗತಿ, ಎರಡು ಕೋಣೆ, ಹತ್ತೊಂಬತ್ತು ಮಕ್ಕಳು. ಜೊತೆಗಿದ್ದ ಗುರುಗಳು ಅಥಣಿ ಕಡೆಗೆ ವರ್ಗವಾಗಿ ಹೋದ ಮೇಲೆ ಉಳಿದವಳು ನಾನೊಬ್ಬಳೇ.

ಆ ಹುಡುಗಿ ಆಗಷ್ಟೇ ಮೂರನೇ ತರಗತಿ ಮುಗಿಸಿದ್ದಳು. ತಾಯಿ ದ್ರಾಕ್ಷಿ ತೋಟದಲ್ಲಿ ಕೂಲಿ. ಅಲ್ಲೇ ಮೂಲೆಯ ತಗಡಿನ ಮನೆಯಲ್ಲಿ ಅವರ ವಾಸ. ಹುಡುಗಿ ಎಷ್ಟು ಚುರುಕೆಂದರೆ, ಇಲಾಖೆ ಕೇಳಿದ ಮಾಹಿತಿಯನ್ನು ನಾನು ಮೊಬೈಲಿನಲ್ಲಿ ತುಂಬುತ್ತ ಕೂತಾಗ ಒಂದನೇ ತರಗತಿಯವರಿಗೆ ಅಕ್ಷರ ತಿದ್ದಿಸುವವಳು ಅವಳೇ. ಬಂದವರೆದುರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಜೂನ್ ಮೊದಲ ವಾರ ಅವಳ ತಾಯಿ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾರ, ಪ್ಯಾಟಿ ಸಾಲಿಗೆ ಹಾಕು ಅಂತ ನಮ್ಮಣ್ಣ ಹೇಳಾಕತ್ತಾನ್ರಿ. ಅದೂ ಸರಕಾರಿ ಸಾಲಿ, ಇದೂ ಸರಕಾರಿ ಸಾಲಿ. ಯಾವ್ದು ಚಲೋ, ನೀವ ಹೇಳ್ರಿ."

"ನೋಡಿ ಹೇಳ್ತೀನಿ ತಂಗಿ," ಅಂದೆ.

ನೋಡುವುದೇನಿತ್ತು, ನನಗೆ ಗೊತ್ತೇ ಇತ್ತು. ಆ ವಾರ ನಮ್ಮ ಶಿಕ್ಷಕರ ತರಬೇತಿ ಅದೇ ಪೇಟೆ ಶಾಲೆಯಲ್ಲಿ ನಡೆಯಿತು. ಊಟದ ಬಿಡುವಿನಲ್ಲಿ ಒಬ್ಬಳೇ ಅಡ್ಡಾಡಿದೆ. ತರಗತಿಗೊಂದು ಕೋಣೆ, ಕೋಣೆಗೊಬ್ಬರು ಶಿಕ್ಷಕರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿತ್ತು, ನಳದಲ್ಲಿ ನೀರಿತ್ತು. ನಾಲ್ಕನೇ ತರಗತಿಯ ಬೋರ್ಡಿನ ಮೇಲೆ ನಾಲ್ಕನೇ ತರಗತಿಯ ಪಾಠ ಮಾತ್ರ ಇತ್ತು. ನನ್ನ ಬೋರ್ಡಿಗೆ ಗೆರೆ ಎಳೆದು ಮೂರು ಭಾಗ ಮಾಡಿರುತ್ತೇನೆ: ಒಂದರಿಂದ ಮೂರನೆಯವರಿಗೆ ಒಂದು, ನಾಲ್ಕಕ್ಕೊಂದು, ಐದಕ್ಕೊಂದು.

ಮಕ್ಕಳ ಸಂಖ್ಯೆ ಇಳಿದರೆ ನಮ್ಮ ಶಾಲೆಯನ್ನು ಬೇರೊಂದಕ್ಕೆ ಸೇರಿಸಿಬಿಡುತ್ತಾರೆಂಬ ಭಯ ಇದ್ದದ್ದೇ. ಆದರೂ ತಾಯಿ ಮತ್ತೆ ಬಂದಾಗ ಸುಳ್ಳು ಬಾಯಿಗೆ ಬರಲಿಲ್ಲ.

"ಪ್ಯಾಟಿ ಸಾಲಿ ಚಲೋ ಐತಿ ತಂಗಿ. ಹಾಕು," ಅಂದು ವರ್ಗಾವಣೆ ಪತ್ರ ಬರೆದುಕೊಟ್ಟೆ.

ನನ್ನ ಮನೆ ಅದೇ ಪೇಟೆಯಲ್ಲಿದೆ. ಮುಂಜಾನೆ ನಾನು ಸ್ಕೂಟಿಯಲ್ಲಿ ತೋಟದ ಕಡೆ ಬರುವಾಗ ಅವಳು ನಾಲ್ಕು ಕಿಲೋಮೀಟರ್ ದೂರದ ಪೇಟೆಗೆ ನಡೆದು ಹೋಗುತ್ತಿದ್ದಳು. ಕಾಲುವೆಯ ತಿರುವಿನಲ್ಲಿ ದಿನಾ ಎದುರಾಗುತ್ತಿದ್ದೆವು. ಒಮ್ಮೆ ನನ್ನನ್ನು ನಿಲ್ಲಿಸಿ ನೋಟ್‌ಬುಕ್ ತೋರಿಸಿದಳು. ಪ್ರತಿ ಪುಟದಲ್ಲೂ ಕೆಂಪು ಪೆನ್ನಿನಿಂದ ತಿದ್ದಿ ಸಹಿ ಹಾಕಿದ್ದರು. ಅವಳು ನನ್ನ ಹತ್ತಿರ ಮೂರು ವರ್ಷ ಇದ್ದಳು. ನಾನು ಒಂದು ನೋಟ್‌ಬುಕ್ಕನ್ನೂ ಹಾಗೆ ಪೂರ್ತಿ ನೋಡಿರಲಿಲ್ಲ.

ದೀಪಾವಳಿ ಮುಗಿದು ಕಬ್ಬಿನ ಕಟಾವು ಶುರುವಾಯಿತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಆ ಇಕ್ಕಟ್ಟಾದ ದಾರಿಯನ್ನು ತುಂಬಿಕೊಂಡವು. ಒಂದು ಮುಂಜಾನೆ ಕಾಲುವೆಯ ತಿರುವಿನಲ್ಲಿ ಒಂದು ಟ್ರೇಲರ್ ಮಗುಚಿಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಹುಡುಗಿ ಅದರ ಹಿಂದೆಯೇ ಇದ್ದಳು. ಮರುದಿನದಿಂದ ದಾರಿಯಲ್ಲಿ ಕಾಣಲಿಲ್ಲ. ನಾಲ್ಕನೇ ದಿನ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ.

"ನಾಕ ಹೆಜ್ಜಿ ಮುಂದ ಇದ್ದಿದ್ರ ನಮ್ಮ ಹುಡುಗಿ ಅದರ ಬುಡಕ ಇರ್ತಿದ್ಳರಿ," ಅಂದಳು ತಾಯಿ. "ನಾ ದಿನಾ ಬಿಟ್ಟ ಬರ್ತೀನಂದ್ರ ಮಾಲಕರು ಕೇಳೂದಿಲ್ರಿ."

"ಹಂಗಾರ ನಮ್ಮ ಸಾಲಿಗೇ ಕಳಸು."

ಹೊಸ್ತಿಲ ಮೇಲೆ ಕೂತಿದ್ದ ಹುಡುಗಿ ತಲೆ ಎತ್ತಲಿಲ್ಲ. "ನಾ ಒಲ್ಲೆರಿ ಅಕ್ಕಾರ."

"ಯಾಕವ್ವಿ?"

"ಇಲ್ಲಿ ನಾ ಸಣ್ಣವ್ರಿಗೆ ಕಲಸ್ತಿದ್ನಿರಿ. ಅಲ್ಲಿ ನಾ ಕಲೀತಿದ್ನಿರಿ."

"ಅಕ್ಕಾರಿಗೆ ಹಂಗ ಅಂತಾರೇನ ಬೇ?" ಎಂದು ತಾಯಿ ಕೈ ಎತ್ತಿದಳು. ನಾನು ತಡೆದೆ.

ಮಾರನೆಯ ವಾರ ನಾಲ್ಕು ದಿನ ಮನೆಯಿಂದ ಬೇಗ ಹೊರಟು, ಅವಳನ್ನು ತೋಟದಿಂದ ಸ್ಕೂಟಿಯ ಮೇಲೆ ಪೇಟೆ ಶಾಲೆಗೆ ಬಿಟ್ಟು, ತಿರುಗಿ ತೋಟಕ್ಕೆ ಓಡಿ ಬಂದೆ. ಐದನೇ ದಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ಬಂದು ನೋಡಿದರೆ ಬೀಗ ಹಾಕಿದ ಬಾಗಿಲ ಮುಂದೆ ಮಕ್ಕಳು ಕೂತಿದ್ದರು. ಒಂದನೇ ತರಗತಿಯ ಮಗುವೊಂದು ಕಾಲುವೆಯ ದಂಡೆಯವರೆಗೆ ಹೋಗಿಬಿಟ್ಟಿತ್ತು. ಆಮೇಲೆ ನನಗೆ ಧೈರ್ಯವಾಗಲಿಲ್ಲ.

ಪೇಟೆ ಶಾಲೆಯ ಮುಖ್ಯ ಗುರುಗಳು ಒಳ್ಳೆಯವರು. ಅವಳಿಗೆ ಗಾಡಿಯ ವ್ಯವಸ್ಥೆ ಕೇಳಲು ಹೋದಾಗ ಚಹಾ ತರಿಸಿದರು. "ಆ ದಾರೀಲೆ ಬರಾಕಿ ಒಬ್ಬಾಕಿನ ರೀ ಮೇಡಮ್. ಒಬ್ಬಾಕಿ ಸಂಬಂಧ ಗಾಡಿ ಹೆಂಗ ಹಚ್ಚೂದ್ರಿ?" ಅಂದರು. ನಮ್ಮ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನಾದರೂ ಕೊಡಿ ಎಂದು ಕಚೇರಿಗೆ ಅರ್ಜಿ ಕೊಟ್ಟೆ. ಮುದ್ರೆ ಒತ್ತಿ ಪ್ರತಿ ಕೊಟ್ಟರು. ಮತ್ತೆ ಎರಡು ಸಲ ಹೋಗಿ ಬಂದೆ.

ಡಿಸೆಂಬರಿನಲ್ಲಿ ತಾಯಿ ಅವಳನ್ನು ನಮ್ಮ ಶಾಲೆಗೇ ತಂದು ಕೂರಿಸಿದಳು. ಸಣ್ಣವರಿಗೆ ಕಲಿಸಲು ಅವಳನ್ನು ಕರೆಯಬಾರದೆಂದು ನಿಶ್ಚಯಿಸಿದ್ದೆ, ಕರೆದೂ ಇಲ್ಲ. ಕಿಟಕಿಯ ಪಕ್ಕ ಕೂತು ತನ್ನ ಪಾಡಿಗೆ ಗಣಿತ ಮಾಡುತ್ತಾಳೆ. ತಿಳಿಯದಿದ್ದರೆ ಕೈ ಎತ್ತುತ್ತಾಳೆ. "ತಡಿ ಅವ್ವಿ, ಬಂದ್ನಿ," ಅನ್ನುತ್ತೇನೆ. ಅಷ್ಟರಲ್ಲಿ ಒಂದು ಮಗು ಅಳುತ್ತದೆ, ಬಿಸಿಯೂಟದ ಅಡುಗೆಯವಳು ಎಣ್ಣೆ ತೀರಿತು ಅನ್ನುತ್ತಾಳೆ, ಕಚೇರಿಯಿಂದ ಫೋನ್ ಬರುತ್ತದೆ. ನಿನ್ನೆ ನಾನು ಹತ್ತಿರ ಹೋಗುವಷ್ಟರಲ್ಲಿ ಶಾಲೆ ಬಿಡುವ ಹೊತ್ತಾಗಿತ್ತು. ಭಾಗಾಕಾರ ಅರ್ಧಕ್ಕೇ ನಿಂತಿತ್ತು. ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.