ಹನ್ನೊಂದು ಒಪ್ಪಿಗೆ ಪತ್ರ

ಕಲ್ಪನಳ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಬೇರೆ ಯಾರೂ ಬರೆಯುವವರಿಲ್ಲ, ಮತ್ತು ನಡೆದದ್ದರಲ್ಲಿ ನನ್ನ ಕೈಯೂ ಇದೆ. ನಾನು ಅಂಬಿಕ. ನಮ್ಮೂರು ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಎರಡು ಮೈಲಿ. ಅಲ್ಲಿನ ಮಹಿಳಾ ಡೈರಿಯಲ್ಲಿ ನಾನು ಹಾಲಿನ ಟೆಸ್ಟರ್. ಬೆಳಿಗ್ಗೆ ಸಂಜೆ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡಿ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ಡಿಗ್ರಿ ಬಂದರೆ ಹಾಲು ಒಳಗೆ, ಬಾರದಿದ್ದರೆ ವಾಪಸ್ಸು ಮನೆಗೆ.

ಕಲ್ಪನ ನಮ್ಮ ಪಕ್ಕದ ಮನೆ ಮುನಿಸ್ವಾಮಪ್ಪನವರ ಒಬ್ಬಳೇ ಮಗಳು. ಬಂಗಾರಪೇಟೆಯಲ್ಲಿ ಪಿಯುಸಿ ಮುಗಿಸಿ, ಎಲ್ಲರೂ ಬಿ.ಕಾಂ. ಎನ್ನುತ್ತಿರುವಾಗ ಬೆಂಗಳೂರಿನ ಆಚೆ ಯಾವುದೋ ದೊಡ್ಡ ಕಾಲೇಜಿನ ಪರೀಕ್ಷೆ ಬರೆದು, ಪೂರ್ತಿ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಹೋದಳು. ಅಲ್ಲಿ ಅವಳು ಆರಿಸಿಕೊಂಡದ್ದು ಸ್ತ್ರೀವಾದ ಮತ್ತು ಲಿಂಗತ್ವ ಅಧ್ಯಯನ. ಈ ಹೆಸರು ಹೇಳಲು ಮುನಿಸ್ವಾಮಪ್ಪನವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಕೇಳಿದವರಿಗೆ "ಬಿ.ಎ. ಓದ್ತವ್ಳೆ" ಅಂದು ಮಾತು ಮುಗಿಸುತ್ತಿದ್ದರು. ಅವಳ ಅಮ್ಮ ಮುನಿನಾರಾಯಣಮ್ಮ ಮಾತ್ರ ಬಾಯಿ ಬಿಟ್ಟೇ ಹೇಳಿದ್ದಳು: "ಎಂಗಸ್ರ ಬಗ್ಗೆ ಓದೋಕೆ ಬೆಂಗ್ಳೂರಿಗ್ಯಾಕಮ್ಮ ಓಗ್ಬೇಕು? ನಾಕು ದಿನ ನನ್ ಜೊತೆ ಸಗಣಿ ಎತ್ತಲಿ, ಎಲ್ಲಾ ಗೊತ್ತಾಗ್ತದೆ."

ಮೊದಲ ರಜೆಗೆ ಬಂದಾಗ ಕಲ್ಪನ ಪುಸ್ತಕ ಪೆನ್ನು ಹಿಡಿದು ಕೊಟ್ಟಿಗೆಯಲ್ಲಿ ಕೂತಳು. ಅಮ್ಮ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾಳೆ ಎಂದು ಬರೆದುಕೊಳ್ಳಬೇಕಂತೆ. ಮುನಿನಾರಾಯಣಮ್ಮ ಕೆಚ್ಚಲು ತೊಳೆಯುತ್ತಾ, "ಗಡಿಯಾರ ನಿಮ್ಮಪ್ಪನ ಕೈಯಾಗಲ್ವಾ ಇರೋದು, ಅವರನ್ನೇ ಕೇಳು" ಅಂದಳು. ನಾವೆಲ್ಲ ನಕ್ಕೆವು. ಕಲ್ಪನಳೂ ನಕ್ಕಳು, ಆದರೆ ಅದನ್ನು ಬರೆದುಕೊಂಡಳು. ಹುಡುಗಿಗೆ ಕೊಬ್ಬಿರಲಿಲ್ಲ. ಕೇಳುವಾಗ ನೆಲದ ಮೇಲೆ ಕೂರುತ್ತಿದ್ದಳು, ಕೊಟ್ಟ ಕಾಫಿ ಕುಡಿಯುತ್ತಿದ್ದಳು, ಹೇಳಿದ್ದನ್ನು ತಿದ್ದುತ್ತಿರಲಿಲ್ಲ. ನನಗೆ ಅವಳನ್ನು ಕಂಡರೆ ಹೆಮ್ಮೆ. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಯ ವರ್ಷ ಅವಳೊಂದು ಪ್ರಬಂಧ ಬರೆಯಬೇಕಿತ್ತು. ಅದಾದರೇನೇ ಅವಳ ಓದು ಮುಗಿಯುವುದು. ಅವಳು ಆರಿಸಿಕೊಂಡದ್ದು ನಮ್ಮ ಡೈರಿಯನ್ನೇ. ನಮ್ಮದು ಮಹಿಳೆಯರ ಸಂಘ. ಬೋರ್ಡಿನ ಮೇಲೆ ಅಧ್ಯಕ್ಷೆ ನರಸಮ್ಮ ಎಂದಿದೆ. ಆ ಬೋರ್ಡಿನ ಕೆಳಗಿನ ಕುರ್ಚಿಯಲ್ಲಿ ಕೂರುವುದು ಅವಳ ಗಂಡ ಸೀನಪ್ಪ. ಊರೆಲ್ಲ ಅವನನ್ನೇ ಅಧ್ಯಕ್ಷರು ಅನ್ನುತ್ತದೆ, ನಾನೂ ಅನ್ನುತ್ತೇನೆ. ಮೀಟಿಂಗಿನ ಪುಸ್ತಕ ಮನೆಗೆ ಹೋಗುತ್ತದೆ, ನರಸಮ್ಮ ಒಲೆ ಮುಂದೆ ಕೂತು ಸಹಿ ಹಾಕುತ್ತಾಳೆ, ಪುಸ್ತಕ ವಾಪಸ್ಸು ಬರುತ್ತದೆ.

ಕಲ್ಪನ ಹನ್ನೊಂದು ಹೆಂಗಸರನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಳು. ನರಸಮ್ಮನೂ ಮಾತಾಡಿದಳು, ಎರಡು ಗಂಟೆ. ಕನ್ನಡದಲ್ಲಿ ಶುರು ಮಾಡಿದವಳು ನೋವಿನ ಮಾತು ಬಂದ ಕಡೆಯೆಲ್ಲ ತೆಲುಗಿಗೆ ಜಾರಿದಳಂತೆ. ಒಂದು ಸಲ ಸಹಿ ಹಾಕಲ್ಲ ಅಂದದ್ದಕ್ಕೆ ಏನಾಯಿತು ಎಂದೂ ಹೇಳಿದಳಂತೆ. ಕಲ್ಪನ ನನಗೆ ಹೇಳಿದ್ದು ಅಷ್ಟೇ. "ಮಿಕ್ಕಿದ್ದು ಏಳಂಗಿಲ್ಲಕ್ಕ, ಮಾತು ಕೊಟ್ಟಿದೀನಿ. ಎಸ್ರು ಕೂಡ ಬದಲಾಯಿಸ್ತೀನಿ" ಅಂದಳು. ನನ್ನನ್ನೂ ಕೇಳಿದಳು. ನನಗೆ ಪುರುಸೊತ್ತಿಲ್ಲ ಅಂದೆ.

ಮಾತಾಡಿದವರು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಒಂದು ಪ್ರತಿ ಅವರ ಹತ್ತಿರವೇ ಇರಬೇಕು ಎಂಬುದು ಅವಳ ಕಾಲೇಜಿನ ನಿಯಮ. ಅವರ ರಕ್ಷಣೆಗೇ ಅದು. ಕಲ್ಪನ ಕೂತು ಎಲ್ಲವನ್ನೂ ಕನ್ನಡಕ್ಕೆ ತಂದು, ಊರಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯವರೆಗೆ ಹೋಗಿ ಜೆರಾಕ್ಸ್ ಮಾಡಿಸಿ ತಂದಳು. ಮನೆಮನೆಗೆ ಹೋಗಿ ಓದಿ ಹೇಳಿ, ಸಹಿ ಹಾಕಿಸಿ, "ಇದನ್ನ ಜೋಪಾನವಾಗಿ ಮಡಗಿ" ಎಂದು ಕೊಟ್ಟು, ಭಾನುವಾರ ಸಂಜೆಯ ರೈಲಿಗೆ ಹೊರಟುಹೋದಳು.

ಅವಳು ಮರೆತದ್ದು ಒಂದೇ. ನಮ್ಮೂರಲ್ಲಿ ಇರುವ ಸೀಲು ಡೈರಿಯದೊಂದೇ. ಹಸುವಿನ ವಿಮೆ ಇರಲಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಇರಲಿ, ಹೆಂಗಸರು ಸಹಿ ಹಾಕಿದ ಕಾಗದ ಮಾರನೇ ದಿನ ಕ್ಯಾನಿನ ಜೊತೆ ಡೈರಿಗೆ ಬರುತ್ತದೆ. ಸೀಲು ಬೀಳದ ಕಾಗದ ಅವರ ಲೆಕ್ಕದಲ್ಲಿ ಕಾಗದವೇ ಅಲ್ಲ. ಜೋಪಾನ ಮಾಡಿ ಅಂದಳಲ್ಲ, ಜೋಪಾನ ಮಾಡಬೇಕಾದ ಕಾಗದ ಅಂದಮೇಲೆ ಸೀಲು ಬೇಡವೇ?

ಸೋಮವಾರ ಬೆಳಿಗ್ಗೆ ಒಬ್ಬೊಬ್ಬರೇ ತಂದರು. ನರಸಮ್ಮ ಡೈರಿಗೆ ಬರುವವಳಲ್ಲ, ತನ್ನದನ್ನು ಎದುರುಮನೆ ಪುಷ್ಪಳ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಸೀಲು ಒತ್ತುವವಳು ನಾನೇ ಅಂದುಕೊಂಡಿದ್ದಳೋ ಏನೋ. ಹನ್ನೊಂದನ್ನೂ ಈಸಿಕೊಂಡವಳು ನಾನು. ಕೈ ಒದ್ದೆಯಾಗಿತ್ತು, ಸಾಲು ಬಾಗಿಲಾಚೆಗೆ ಬೆಳೆದಿತ್ತು, ಯಾವುದೋ ವಿಮೆ ಅಂದುಕೊಂಡು ಎಲ್ಲವನ್ನೂ ಸೀನಪ್ಪನ ಮೇಜಿನ ಮೇಲಿಟ್ಟೆ. ಹನ್ನೊಂದು ಜನರಲ್ಲಿ ಓದು ಬರದವರೇ ಹೆಚ್ಚು, ಅವರ ತಪ್ಪಿಲ್ಲ. ಓದು ಬರುವವಳು ನಾನು. ಓದಲಿಲ್ಲ.

ಸೀನಪ್ಪ ಕೂಗಾಡಲಿಲ್ಲ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದ. ಹಿಂದಿನ ಪುಟದಲ್ಲಿ ಪ್ರಶ್ನೆಗಳೂ ಇದ್ದವು: ಸಭೆಗೆ ಯಾರು ಹೋಗುತ್ತಾರೆ, ಸಹಿ ಯಾರು ಹಾಕಿಸುತ್ತಾರೆ, ಹಾಕದಿದ್ದರೆ ಏನಾಗುತ್ತದೆ. ಪೂರ್ತಿ ಓದಿ, ಹನ್ನೊಂದಕ್ಕೂ ಸೀಲು ಒತ್ತಿ, ನನ್ನ ಕೈಗೆ ಕೊಟ್ಟು, "ಅವರವರಿಗೆ ಕೊಟ್ಬುಡು" ಅಂದ. ನಂತರ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ: "ನಾಳೆಯಿಂದ ಮುನಿಸ್ವಾಮಪ್ಪನ ಮನೆ ಆಲಿಗೆ ಡಿಗ್ರಿ ಬರಾಕಿಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ನನ್ನ ಗಂಡ ಹೋಗಿ ಆರು ವರ್ಷ. ಈ ಕೆಲಸ ಬಿಟ್ಟರೆ ನನಗೆ ಬೇರೆ ಗತಿ ಇಲ್ಲ. ಇದನ್ನು ನೆಪ ಅನ್ನುವವರು ಅನ್ನಲಿ.

ಮೂರು ದಿನ, ಎರಡೂ ಹೊತ್ತು, ಮುನಿನಾರಾಯಣಮ್ಮನ ಕ್ಯಾನನ್ನು ವಾಪಸ್ಸು ಕಳಿಸಿದೆ. ಮೊದಲ ದಿನ ಅವಳು ಹಸುವಿಗೆ ಮೇವು ಬದಲಾಯಿಸಿದಳು. ಎರಡನೇ ದಿನ ಬಂಗಾರಪೇಟೆಯಿಂದ ಪಶು ಡಾಕ್ಟರನ್ನು ಕರೆಸಿದಳು. ಮೂರನೇ ದಿನ ನನ್ನ ಮುಖವನ್ನೇ ನೋಡಿ, ಕ್ಯಾನು ಎತ್ತಿಕೊಂಡು ಹೋದಳು. ಆ ಸಂಜೆ ಸೀನಪ್ಪ ಮುನಿಸ್ವಾಮಪ್ಪನವರನ್ನು ಕರೆಸಿ ಕೂರಿಸಿ, "ಮಗಳನ್ನ ಒಂದ್ಕಿತ ಕರೆಸಪ್ಪ, ಮಾತಾಡಣ" ಅಂದ.

ಕಲ್ಪನ ಶುಕ್ರವಾರ ಬೆಳಿಗ್ಗೆ ಬಂದಳು. ಹೆಂಗಸರೆಲ್ಲ ಡೈರಿಯ ಗೋಡೆಗೆ ಒರಗಿ ನಿಂತಿದ್ದರು. ನರಸಮ್ಮನೂ ಇದ್ದಳು, ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡು. ಸೀನಪ್ಪನ ಕೈಯಲ್ಲಿ ಒಪ್ಪಿಗೆ ಪತ್ರದ ಒಂದು ಪ್ರತಿ ಇತ್ತು.

"ಈ ನಾಕನೇ ಸಾಲು ನೀನೇ ಬರೆದಿರೋದಲ್ವಾಮ್ಮ?" ಎಂದು ಗಟ್ಟಿಯಾಗಿ ಓದಿದ. "'ಯಾವಾಗ ಬೇಕಾದರೂ ನೀವು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಕಾರಣ ಹೇಳಬೇಕಾಗಿಲ್ಲ.' ಬಲೇ ಬರೆದಿದೀಯ. ಇವರೆಲ್ಲ ಇಂತೆಗೀತಾರಂತೆ."

ಹಾಗೆಂದು ಹನ್ನೊಂದು ಹಾಳೆ ಅವನೇ ಬರೆಸಿ ತಂದಿದ್ದ. ಸಹಿಯೊಂದು ಬಾಕಿ.

"ಅವರ ಬಾಯಿಂದಲೇ ಕೇಳ್ಬೇಕು" ಅಂದಳು ಕಲ್ಪನ.

"ಕೇಳಮ್ಮ. ಬ್ಯಾಡ ಅಂದೋರ್ಯಾರು?"

ಕಲ್ಪನ ನರಸಮ್ಮನ ಮುಂದೆ ಹೋಗಿ ನಿಂತಳು. "ದೊಡ್ಡಮ್ಮ, ನಿಮಗೆ ಬೇಡ್ವಾ?"

ನರಸಮ್ಮ ನೆಲ ನೋಡುತ್ತಾ, "ಬ್ಯಾಡ ಕಣವ್ವ" ಅಂದಳು. "ನಿಮ್ಮಮ್ಮನ ಆಲು ಒಳಗೋಗ್ಲಿ."

ಆಗ ಸೀನಪ್ಪ ಎದ್ದು, ತನ್ನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದ. "ಅಧ್ಯಕ್ಷರದ್ದು ಮೊದ್ಲು" ಅಂದ. ಅಧ್ಯಕ್ಷೆಯಾದ ಐದು ವರ್ಷಗಳಲ್ಲಿ ಮೊದಲ ಸಲ ನರಸಮ್ಮ ಆ ಕುರ್ಚಿಯ ಅಂಚಿಗೆ ಕೂತು, ತಾನು ಆಡಿದ ಎರಡು ಗಂಟೆಯ ಮಾತು ಬೇಡವೆಂದು ಸಹಿ ಹಾಕಿದಳು. ಸೀನಪ್ಪ ಪಕ್ಕದಲ್ಲೇ ಸೀಲು ಒತ್ತಿದ. ಮಿಕ್ಕವರು ಸಾಲಾಗಿ ಬಂದರು, ಹಾಲು ಹಾಕಲು ಬರುವ ಹಾಗೆಯೇ.

ನನಗೆ ಕಿರುಚಬೇಕು ಅನ್ನಿಸಿತು. ಅಳತೆ ಪಾತ್ರೆ ತೊಳೆಯುತ್ತಾ ನಿಂತೆ.

ಕಲ್ಪನ ಎಲ್ಲರ ಮುಂದೆಯೇ ಫೋನು ತೆಗೆದು ಹನ್ನೊಂದು ರೆಕಾರ್ಡನ್ನೂ ಅಳಿಸಿದಳು. ಆಮೇಲೆ ನಮ್ಮ ಮನೆಗೆ ಬಂದು ನೀರು ಕುಡಿದಳು. ಆ ರೆಕಾರ್ಡುಗಳ ಒಂದು ಪ್ರತಿ ಕಾಲೇಜಿನಲ್ಲೂ ಇದೆಯಂತೆ.

"ಮತ್ತೆ ಇನ್ನೇನು? ಅದನ್ನೇ ಬರಿ" ಅಂದೆ.

"ಆಗಲ್ಲಕ್ಕ. ಬ್ಯಾಡ ಅಂತ ಸಹಿ ಆಕವ್ರೆ. ಅವರಿಗೆ ಇಷ್ಟ ಇತ್ತೋ ಇಲ್ವೋ, ಬ್ಯಾಡ ಅಂದಿದ್ದನ್ನ ನಾನು ಬರೆದ್ರೆ, ಅವ್ನಿಗೂ ನಂಗೂ ಏನು ಯತ್ಯಾಸ? ಅದನ್ನೂ ಅಳಿಸ್ತೀನಿ." ಮೂರು ವರ್ಷ ಓದಿದ್ದೇ ಅವಳ ಕೈ ಕಟ್ಟಿಹಾಕಿತ್ತು. ಪ್ರಬಂಧಕ್ಕೆ ಉಳಿದದ್ದು ಹತ್ತು ದಿನ, ಬರೆಯಲು ಅವಳಲ್ಲಿ ಏನೂ ಇರಲಿಲ್ಲ. ಹೊಸದಾಗಿ ಮಾತಾಡಲು ಯಾರೂ ಇರಲಿಲ್ಲ. ಇದ್ದವಳು ಒಬ್ಬಳೇ, ಅವಳ ಎದುರಿಗೆ ಚೊಂಬು ಹಿಡಿದು ನಿಂತಿದ್ದಳು.

ಬ್ಯಾಗು ಹೆಗಲಿಗೇರಿಸಿಕೊಂಡು, ಹೊಸಿಲ ಹತ್ತಿರ ನಿಂತು ಅವಳು ಕೇಳಿದಳು: "ಅಕ್ಕ, ಆ ಮೂರು ದಿನ ನಮ್ಮನೆ ಆಲಿಗೆ ನಿಜವಾಗ್ಲೂ ಡಿಗ್ರಿ ಬರ್ಲಿಲ್ವಾ?"

"ಬರ್ಲಿಲ್ಲ ಕಣಮ್ಮ" ಅಂದೆ.

ಅವಳು ಜಗಳ ಆಡಲಿಲ್ಲ. "ಬತ್ತೀನಕ್ಕ" ಎಂದು ಬಸ್ಸಿನ ಕಡೆ ನಡೆದಳು.

ಮಾರನೇ ದಿನ ಮುನಿನಾರಾಯಣಮ್ಮ ಕ್ಯಾನು ತಂದಿಟ್ಟಳು. ಲ್ಯಾಕ್ಟೋಮೀಟರ್ ಇಳಿಬಿಟ್ಟೆ.

"ಎಷ್ಟ್ ಬಂತು?"

"ಇಪ್ಪತ್ತೆಂಟು."

"ಮೇವು ಅದೇ, ಅಸು ಅದೇ" ಅಂದಳು ಅವಳು, ಖಾಲಿ ಕ್ಯಾನು ಈಸಿಕೊಳ್ಳುತ್ತಾ. ಆ ಮೂರು ದಿನವೂ ಇಪ್ಪತ್ತೆಂಟೇ ಇತ್ತು.