ಮೀನು ತೊಳೆಯುವ ಕಲ್ಲು

ನನ್ನ ಮಗಳು ಕೆಲಸ ಮಾಡುವ ಆಫೀಸಿನವರು ಕಡಿಮೆ ಬಾಡಿಗೆಯ ಮನೆಗಳ ಯೋಜನೆ ಹಾಕುತ್ತಾರೆ. ಹೆಚ್ಚು ಕರೆಂಟು ಉರಿಸದೆ ತಂಪಾಗಿರುವ ಕಟ್ಟಡ, ಬಳಸಿದ ನೀರನ್ನು ಶುದ್ಧಮಾಡಿ ಗಿಡಗಳಿಗೆ ಬಿಡುವ ವ್ಯವಸ್ಥೆ, ಇಂಥವು. ಕತಾರಿನಲ್ಲಿ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಅವಳ ಫ್ಲ್ಯಾಟಿಗೆ ನಾನು ಊರಿನಿಂದ ಬಂದಿಳಿದ ವಾರವೇ ಅವಳು ಮಾತು ತೆಗೆದಳು.

"ಅಪ್ಪ, ಒಂದು ದಿನ ನಮ್ಮ ಆಫೀಸಿಗೆ ಬನ್ನಿ. ಇಂಥ ಪ್ರಾಜೆಕ್ಟ್ ಯಾಕೆ ಸಕ್ಸೆಸ್ ಆಗ್ತದೆ, ಯಾಕೆ ಫೇಲ್ ಆಗ್ತದೆ ಅಂತ ನಾಲ್ಕು ಮಾತು ಹೇಳಿ. ನಿಮ್ಮ ಕ್ಯಾಂಪಿನ ಅಡಿಗೆ ಚಪ್ಪರದ ಫೋಟೋ ನಮ್ಮಲ್ಲಿ ಎಲ್ಲರೂ ನೋಡಿದ್ದಾರೆ."

ಮೊಣಕಾಲು ನೋವು ಎಂದೆ. ನೋವು ಇದ್ದದ್ದು ಹೌದು, ಆದರೆ ಹೋಗದಿರಲು ಅದು ಕಾರಣವಲ್ಲ. ಆ ಫೋಟೋದ ಹಿಂದಿನ ಕತೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು ನಾನು, ಬರೆದು ರೂಢಿಯಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಾದರೂ ಮುಗಿಸೋಣ ಎಂದು ಕುಳಿತಿದ್ದೇನೆ.

ಹಿಂದೆ ಇದೇ ದೇಶದ ಮೆಸಯೀದಿನಲ್ಲಿ ಒಂದು ಗುತ್ತಿಗೆ ಕಂಪನಿಯ ಕಾರ್ಮಿಕರ ವಸತಿಗೆ ನಾನು ಕ್ಯಾಂಪ್ ಬಾಸ್ ಆಗಿದ್ದೆ. ಹೆಸರು ದೊಡ್ಡದು. ಕೆಲಸ, ಯಾರಿಗೆ ಯಾವ ಮಂಚ, ಯಾವ ಎಸಿ ಕೆಟ್ಟಿದೆ, ಎಲ್ಲಿ ನೀರು ಕಟ್ಟಿದೆ ಎಂದು ನೋಡಿಕೊಳ್ಳುವುದು. ಆಗ ಎಲ್ಲರೂ ಇದ್ದದ್ದು ಪೋರ್ಟಾಕ್ಯಾಬಿನ್‌ಗಳಲ್ಲಿ, ಅಂದರೆ ಲಾರಿಯಲ್ಲಿ ತಂದು ಇಳಿಸುವ ತಗಡಿನ ಕೋಣೆಗಳಲ್ಲಿ. ಬೇಸಿಗೆಯ ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಎಸಿ ನಿಂತರೆ ಒಳಗೆ ಕೂರಲಾಗುತ್ತಿರಲಿಲ್ಲ.

ಅಲ್ಲಿ ನಮ್ಮ ಉಡುಪಿ ಕಡೆಯ ಒಬ್ಬ ಪೈಪ್ ಫಿಟ್ಟರ್ ಇದ್ದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ನನ್ನನ್ನು ತಮಾಷೆಗೆ ಬಾಸಣ್ಣ ಎಂದು ಕರೆಯುತ್ತಿದ್ದ. ಅವನದು ಯಾವಾಗಲೂ ರಾತ್ರಿ ಪಾಳಿ. ಹಗಲು ನಿದ್ದೆ ಮಾಡಬೇಕಾದವನಿಗೆ ಆ ತಗಡಿನ ಕೋಣೆ ಶಿಕ್ಷೆಯೇ ಆಗಿತ್ತು. ಒದ್ದೆ ಬೈರಾಸನ್ನು, ಅಂದರೆ ಟವೆಲನ್ನು, ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದ. ಅದು ಒಣಗಿದಾಗ ಎದ್ದು ಮತ್ತೆ ಒದ್ದೆ ಮಾಡಿಕೊಂಡು ಬರುತ್ತಿದ್ದ.

ಕಂಪನಿ ಹೊಸ ವಸತಿ ಕಟ್ಟಲು ಹೊರಟಿತು. ಮೊದಲ ಕಟ್ಟಡ ಹಗಲು ಪಾಳಿಯವರಿಗೆ, ಎರಡನೆಯದು ರಾತ್ರಿ ಪಾಳಿಯವರಿಗೆ. ಮೊದಲನೆಯದು ಸರಿಯಾಗಿ ನಡೆದರೆ ಮಾತ್ರ ಎರಡನೆಯದಕ್ಕೆ ಕೈಹಾಕುವುದು ಎಂದು ಮೇಲಿನವರು ಮೊದಲೇ ಹೇಳಿದ್ದರು. ಫಿಟ್ಟರ್ ಆ ಎರಡನೆಯ ಕಟ್ಟಡಕ್ಕೆ ಕಾಯುತ್ತಿದ್ದ. ಅಲ್ಲಿ ಕಿಟಕಿಗೆ ಕಪ್ಪು ಪರದೆ ಕಟ್ಟುತ್ತೇನೆ, ಮಸೀದಿಯ ಮಧ್ಯಾಹ್ನದ ಬಾಂಗ್‌ ಕೂಡ ಕೇಳದ ಹಾಗೆ ಮಲಗುತ್ತೇನೆ ಎನ್ನುತ್ತಿದ್ದ.

ನಕ್ಷೆ ಮಾಡಿದ್ದು ಲೆಬನಾನಿನ ಒಬ್ಬ ಹೆಣ್ಣುಮಗಳು. ಕಟ್ಟುವ ಮೊದಲು ಇರುವವರನ್ನು ಕೇಳಬೇಕು ಎಂದು ಅವಳು ಹಟ ಹಿಡಿದಳಂತೆ. ಒಂದು ಶುಕ್ರವಾರ ಕ್ಯಾಂಪಿಗೇ ಬಂದಳು. ಅವಳ ಇಂಗ್ಲಿಷನ್ನು ತುಳುವಿಗೆ, ಹಿಂದಿಗೆ, ಅವರ ಮಾತನ್ನು ಇಂಗ್ಲಿಷಿಗೆ ಹೇಳಬೇಕಾದವನು ನಾನು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಬ್ಯಾಡ್ಜು ಹಾಕಿಕೊಂಡು ನಿಂತಿದ್ದೆ.

ಶುಕ್ರವಾರವೆಂದರೆ ರಜೆ. ಆ ದಿನ ಮೆಸ್ಸಿನ ಊಟ ನಮ್ಮ ಕಡೆಯವರಿಗೆ ಬೇಡ. ಒಂದೊಂದು ವಾರ ಒಂದೊಂದು ಕೋಣೆಯವರ ಪಾಳಿ. ಬೆಳಿಗ್ಗೆಯೇ ಯಾರಾದರೂ ಹೋಗಿ ಬಂಗುಡೆ ಮೀನು ತರುತ್ತಾರೆ, ಕ್ಯಾಬಿನ್ನಿನ ಹಿಂದೆ ಒಲೆ ಹೂಡುತ್ತಾರೆ, ಕುಚ್ಚಲಕ್ಕಿ ಬೇಯುತ್ತದೆ. ವಾರವಿಡೀ ಒಬ್ಬರ ಮುಖ ಒಬ್ಬರು ನೋಡದವರು ಅಲ್ಲಿ ಸೇರುತ್ತಾರೆ. ಊರಿನ ಸುದ್ದಿ, ಜಗಳ, ಮದುವೆ ಮಾತುಕತೆ, ಎಲ್ಲವೂ ಅಲ್ಲೇ.

ಅವಳು ಬಂದಾಗ ಫಿಟ್ಟರ್ ಎಲ್ಲಿಂದಲೋ ತಂದ ಫುಟ್‌ಪಾತಿನ ಕಲ್ಲೊಂದರ ಮೇಲೆ ಬಂಗುಡೆ ಶುಚಿ ಮಾಡುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಮೊಣಕೈವರೆಗೆ ಮೀನಿನ ಹುರುಪೆ ಅಂಟಿತ್ತು. ಪಕ್ಕದ ಹಗ್ಗದಲ್ಲಿ ಒಂದು ಕಡೆ ಬನಿಯನ್ನುಗಳು, ಇನ್ನೊಂದು ಕಡೆ ಒಣ ಮೀನು. ಅವಳು ಅವನೆದುರು ಬಕೆಟ್ಟು ಬೋರಲು ಹಾಕಿ ಕುಳಿತೇಬಿಟ್ಟಳು. ಹೊಸ ಮನೆಯಲ್ಲಿ ನಿಮಗೆ ಏನು ಬೇಕು ಎಂದು ಕೇಳಿದಳು.

ಅವನು ಬಹಳ ಹೊತ್ತು ಹೇಳಿದ. ಮೀನು ತೊಳೆಯಲು ಹೊರಗೊಂದು ಕಲ್ಲು ಬೇಕು, ಪಕ್ಕದಲ್ಲಿ ನಲ್ಲಿ ಬೇಕು, ಮೇಲೆ ನೆರಳು ಬೇಕು. ಹೊಗೆ ಯಾರ ಕೋಣೆಗೂ ಹೋಗಬಾರದು, ಎಲ್ಲರೂ ಮೀನು ತಿನ್ನುವವರಲ್ಲ. ಬಟ್ಟೆ ಒಣಗಿಸಲು ಧೂಳು ಬೀಳದ ಜಾಗ ಬೇಕು. ಹತ್ತು ಹದಿನೈದು ಜನ ನೆಲಕ್ಕೆ ಕೂತು ಉಣ್ಣುವಷ್ಟು ಎಡೆ ಬೇಕು. ಇಷ್ಟು ಕೊಟ್ಟರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಇವರಿಗೆ ಮೆಸ್ಸಿನ ಊಟ ತೃಪ್ತಿಯಾಗಿದೆ, ಒಂದು ಟಿವಿ ಹಾಲ್, ಒಂದು ಸಣ್ಣ ಗಾರ್ಡನ್ ಇದ್ದರೆ ಸಂತೋಷ.

ಅವಳು ಹಗ್ಗದ ಕಡೆ, ಒಲೆಯ ಕಡೆ ನೋಡಿದಳು. ಹಾಗಾದರೆ ಇದೇನು ಎಂದಳು. ಇದು ಕೆಲವರು ಮಾತ್ರ ಮಾಡುವುದು, ನಿಯಮಕ್ಕೆ ವಿರುದ್ಧ, ನಿಲ್ಲಿಸುತ್ತಿದ್ದೇವೆ ಎಂದೆ. ಅವಳು ನಂಬಿದಳು. ನಂಬದಿರಲು ಅವಳಿಗೆ ಕಾರಣವಿರಲಿಲ್ಲ. ಫಿಟ್ಟರ್ ನನ್ನನ್ನು ನೋಡಿ ನಕ್ಕು, ನಾನು ಹೇಳಿದ್ದು ತನ್ನ ಮಾತೇ ಎಂಬಂತೆ ತಲೆಯಾಡಿಸಿದ.

ಕಂಪನಿ ನನಗೆ ಸುಳ್ಳು ಹೇಳಲು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ನನ್ನ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ನಾನು ಹೈಸ್ಕೂಲಿಗೆ ಹೋಗುವ ಬಸ್ಸಿನಲ್ಲೇ ಅವಳೂ ಹತ್ತುತ್ತಿದ್ದಳು. ಬುಟ್ಟಿಯ ನೀರು ಸೋರಿದರೆ ಕಂಡಕ್ಟರ್ ಬೈಯುತ್ತಿದ್ದ, ಹುಡುಗರು ಮೂಗು ಹಿಡಿದು ನನ್ನ ಕಡೆ ನೋಡುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅವಳಿಗೂ ಅದು ಗೊತ್ತಾಗಿ, ಆಮೇಲೆ ಹಿಂದಿನ ಬಾಗಿಲಿನಲ್ಲೇ ಹತ್ತಿ ಹಿಂದೆಯೇ ನಿಲ್ಲುತ್ತಿದ್ದಳು. ಆ ಬುಟ್ಟಿಯಿಂದಲೇ ನನ್ನ ಇಂಗ್ಲಿಷ್ ಬಂದದ್ದು. ಅದೇ ಇಂಗ್ಲಿಷಿನಲ್ಲಿ ಆ ದಿನ ಪರದೇಶದ ಹೆಂಗಸಿನ ಎದುರು ಮೀನು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಕಟ್ಟಡ ಚೆನ್ನಾಗಿ ಬಂತು. ಅದರಲ್ಲಿ ಎರಡು ಮಾತಿಲ್ಲ. ದಪ್ಪ ಗೋಡೆಗಳು, ನಡುವೆ ನೆರಳಿನ ಅಂಗಳ, ಎರಡು ಸಾಲು ಕೋಣೆಗಳ ಮಧ್ಯೆ ಗಾಳಿ ಎಳೆದುಕೊಳ್ಳುವ ಕಿರಿದಾದ ಓಣಿ. ಪ್ರತಿ ಕೋಣೆಯ ಗೋಡೆಯಲ್ಲೂ ಓಣಿಯ ಕಡೆಗೆ ಗಾಳಿಗಂಡಿ. ಚಳಿಗಾಲದಲ್ಲಿ ಎಸಿಯೇ ಬೇಡ, ಬೇಸಿಗೆಯಲ್ಲೂ ಮೊದಲಿನಷ್ಟು ಬೇಡ. ಸ್ನಾನದ ನೀರು ಶುದ್ಧವಾಗಿ ಅಂಗಳದ ಬೇವಿನ ಗಿಡಗಳಿಗೆ ಹೋಗುತ್ತಿತ್ತು. ಟಿವಿ ಹಾಲ್ ಇತ್ತು, ಗಾರ್ಡನ್ ಇತ್ತು.

ಶುಕ್ರವಾರವೂ ಬಂತು. ಒಲೆಗೆ ಜಾಗವಿಲ್ಲ. ಜನ ಕೋಣೆಯೊಳಗೆ ಕದ್ದು ಕರೆಂಟಿನ ಒಲೆ ಇಟ್ಟರು, ಬಾತ್‌ರೂಮಿನ ಬೇಸಿನ್ನಿನಲ್ಲಿ ಮೀನು ತೊಳೆದರು. ಗಾಳಿ ಚೆನ್ನಾಗಿ ಓಡುವ ಕಟ್ಟಡವಲ್ಲವೇ, ಒಂದು ಕೋಣೆಯಲ್ಲಿ ಮೀನು ಹುರಿದರೆ ಇಡೀ ಸಾಲಿಗೆ ವಾಸನೆ. ಮೀನು ತಿನ್ನದವರು ಜಗಳಕ್ಕೆ ಬಂದರು, ಆಮೇಲೆ ಗಾಳಿಗಂಡಿಗೆ ರಟ್ಟು ಇಟ್ಟು ಟೇಪು ಹಚ್ಚಿದರು. ಒಬ್ಬರು ಮುಚ್ಚಿದ್ದನ್ನು ನೋಡಿ ಇನ್ನೊಬ್ಬರು ಮುಚ್ಚಿದರು. ಓಣಿಯ ಉದ್ದಕ್ಕೂ ಒದ್ದೆ ಬಟ್ಟೆಗಳು ತೂಗಿದವು. ಗಾಳಿ ನಿಂತಿತು, ಎಸಿಗಳು ಹಗಲೂ ರಾತ್ರಿ ಓಡತೊಡಗಿದವು. ಹುರುಪೆ, ಎಣ್ಣೆ ಹೋಗಿ ನೀರು ಶುದ್ಧಮಾಡುವ ಫಿಲ್ಟರು ಕಟ್ಟಿಕೊಂಡಿತು. ಅಂಗಳ ನಾರಿತು, ಗಿಡಗಳ ಎಲೆ ಹಳದಿಯಾಯಿತು.

ನಾನು ಎಲ್ಲ ಗೋಡೆಗೂ 'ಅಡಿಗೆ ನಿಷೇಧ' ಎಂದು ಅಂಟಿಸಿದೆ. ಕೋಣೆಗಳಿಗೆ ನುಗ್ಗಿ ಒಲೆ ಜಪ್ತಿ ಮಾಡಿದೆ. ಯಾಕೆ ಹೀಗಾಯಿತು ಎಂದು ತಿಳಿದಿದ್ದ ಒಬ್ಬನೇ ಮನುಷ್ಯ ನಾನು, ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನೂ ನಾನೇ.

ಎರಡನೆಯ ಕಟ್ಟಡದ ತೀರ್ಮಾನಕ್ಕೆ ದೊಡ್ಡವರು ಸೇರಿದರು. ನನ್ನನ್ನೂ ಕರೆದರು. ಈ ಜನಕ್ಕೆ ಇಂಥ ಕಟ್ಟಡದಲ್ಲಿ ಬದುಕಲು ಬರುವುದಿಲ್ಲ ಎಂದು ಒಬ್ಬ ಮ್ಯಾನೇಜರ್ ಹೇಳಿದ. ನಕ್ಷೆ ಮಾಡಿದ ಆ ಹೆಣ್ಣುಮಗಳು ಮೇಜಿನಾಚೆಯಿಂದ ನನ್ನನ್ನೇ ನೋಡಿದಳು. ಮೆತ್ತಗೆ ಕೇಳಿದಳು, "ಅಡಿಗೆಯ ಜಾಗ ಬೇಡವೆಂದು ಅವರೇ ನಿಮಗೆ ಹೇಳಿದ್ದರಾ?"

ಅಲ್ಲಿ ನಿಜ ಹೇಳಿದ್ದರೆ ನನಗೆ ಬೈಗುಳ ಸಿಗುತ್ತಿತ್ತು, ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ರಾತ್ರಿ ಪಾಳಿಯವರಿಗೆ ಮನೆ ಸಿಗುತ್ತಿತ್ತು. ನಾನು ಹೇಳಿದೆ, "ಆಗ ಹಾಗೆಯೇ ಹೇಳಿದ್ದರು, ಮೇಡಂ. ಈ ಕೆಟ್ಟ ಅಭ್ಯಾಸ ಆಮೇಲೆ ಶುರುವಾದದ್ದು."

"ಖಲಾಸ್," ಎಂದ ಮ್ಯಾನೇಜರ್. ಎರಡನೆಯ ಕಟ್ಟಡ ಬೇಡ, ಅದೇ ಜಾಗದಲ್ಲಿ ಹೊಸ ಪೋರ್ಟಾಕ್ಯಾಬಿನ್ ಇಳಿಸಿ ಎಂದು ತೀರ್ಮಾನವಾಯಿತು.

ಫಿಟ್ಟರನಿಗೆ ಹೇಳಲು ನಾನೇ ಹೋದೆ. ಆಗತಾನೆ ಎದ್ದು ಕ್ಯಾಬಿನ್ನಿನ ಮೆಟ್ಟಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಎರಡನೇ ಬಿಲ್ಡಿಂಗ್ ಇಲ್ಲವಂತೆ, ಮೇಲಿನವರ ತೀರ್ಮಾನ ಎಂದೆ. ಅವನು ಲೋಟ ಖಾಲಿ ಮಾಡಿ ಕೆಳಗಿಟ್ಟ.

"ಬಾಸಣ್ಣ, ಒಂದು ವಿಷಯ ಕೇಳ್ಬೇಕಂತ ಇತ್ತು. ಅವತ್ತು ಆ ಮೇಡಂ ಹತ್ರ ನಾನು ಅಷ್ಟು ಹೊತ್ತು ಮೀನಿನ ವಿಷಯ ಹೇಳಿದೆ ಅಲ್ವಾ? ನಿಮ್ಮ ಬಾಯಲ್ಲಿ ಒಂದು ಸಲವೂ ಫಿಶ್ ಅಂತ ಬರ್ಲಿಲ್ಲ."

ನಾನು ಕೊರಳಿನ ಬ್ಯಾಡ್ಜನ್ನು ಜೇಬಿಗೆ ಹಾಕಿಕೊಂಡೆ.

"ಫಿಶ್ ಅಂದ್ರೆ ಎಂತ ಅಂತ ನನಗೂ ಗೊತ್ತುಂಟು ಮಾರಾಯ್ರೆ. ಅಂಗಡಿಯಲ್ಲಿ ಬೋರ್ಡ್ ನೋಡಿದ್ದೇನೆ."

"ಮತ್ತೆ ಅವತ್ತೇ ಯಾಕೆ ಕೇಳ್ಲಿಲ್ಲ?"

"ನೀವು ಕಲಿತವರು. ಅದಕ್ಕೆ ಇಂಗ್ಲಿಷಲ್ಲಿ ಬೇರೆ ಮರ್ಯಾದೆಯ ಮಾತು ಉಂಟೇನೋ ಅಂತ ಗ್ರಹಿಸಿದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆನೇನೋ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಮೊದಲ ಕಟ್ಟಡದ ಹೊರಗೋಡೆಯ ಆಚೆ, ಗಾಳಿ ಹೊರಗೆ ಬೀಸಿಹೋಗುವ ದಿಕ್ಕಿನಲ್ಲಿ, ಸ್ಟೋರಿನಲ್ಲಿ ಬಿದ್ದಿದ್ದ ಪೈಪು, ಶೀಟುಗಳಿಂದ ಒಂದು ಚಪ್ಪರ ಹಾಕಿಸಿದೆ. ಗ್ಯಾಸಿನ ಒಲೆಗಳಿಗೆ ಪರವಾನಗಿ ಮಾಡಿಸಿದೆ. ನಲ್ಲಿ, ಬೇರೆ ಚರಂಡಿ, ಬಟ್ಟೆಗೆ ತಂತಿ. ನಲ್ಲಿ ಜೋಡಿಸಿದ್ದು ಫಿಟ್ಟರನೇ, ತನ್ನ ರಜೆಯ ದಿನ ಬಂದು. ಆ ಫುಟ್‌ಪಾತಿನ ಕಲ್ಲನ್ನೂ ಹೊತ್ತು ತಂದು ನಲ್ಲಿಯ ಕೆಳಗೆ ಕೂರಿಸಿದ. ಅವನು ಆ ಕಟ್ಟಡದಲ್ಲಿ ಇರುವವನಲ್ಲ. ಆದರೂ ತಂದ.

ಎರಡು ಮೂರು ಶುಕ್ರವಾರ ಕಳೆಯುವಷ್ಟರಲ್ಲಿ ಕೋಣೆಗಳಲ್ಲಿ ಅಡಿಗೆ ನಿಂತಿತು. ಯಾರೂ ಹೇಳದೆ ಜನ ಗಾಳಿಗಂಡಿಯ ರಟ್ಟು ಕಿತ್ತರು. ಓಣಿಯಲ್ಲಿ ಗಾಳಿ ಓಡಿತು, ಗಿಡ ಚಿಗುರಿತು. ಅಷ್ಟರಲ್ಲಿ ಪಕ್ಕದ ಜಾಗಕ್ಕೆ ಹೊಸ ಪೋರ್ಟಾಕ್ಯಾಬಿನ್‌ಗಳು ಬಂದು ಇಳಿದಿದ್ದವು. ಬೇರೆ ಕಂಪನಿಗಳವರು ಚಪ್ಪರ ನೋಡಲು ಬಂದರು. ಕ್ಯಾಂಪ್ ಬಾಸ್‌ನದೇ ಐಡಿಯಾ ಎಂದು ಮ್ಯಾನೇಜರ್ ನನ್ನ ಬೆನ್ನು ತಟ್ಟಿದ. ಫೋಟೋ ತೆಗೆದರು. ಫೋಟೋದಲ್ಲಿ ನಾನು ಆ ಕಲ್ಲಿನ ಪಕ್ಕ ನಿಂತು ನಗುತ್ತಿದ್ದೇನೆ. ಫಿಟ್ಟರ್ ಆ ಹೊತ್ತಿಗೆ ತಗಡಿನ ಕೋಣೆಯಲ್ಲಿ ಒದ್ದೆ ಬೈರಾಸು ಹಾಕಿ ಮಲಗಿದ್ದ. ಊರಿಗೆ ಹೋಗುವವರೆಗೂ ಅವನು ಮಲಗಿದ್ದು ಅಲ್ಲೇ.

ಇಷ್ಟು ಬರೆದಿಟ್ಟ ಮೇಲೆ ಮೊನ್ನೆ ಮಗಳು ಇನ್ನೊಂದು ಕೇಳಿದಳು. ಅವರ ಹೊಸ ಯೋಜನೆಯ ಮನೆಗಳಿಗೆ ಬರುವ ಕೆಲಸಗಾರರಲ್ಲಿ ನಮ್ಮ ಕಡೆಯವರು ಬಹಳ ಇದ್ದಾರಂತೆ, ಅವರ ಮಾತನ್ನು ಇಂಗ್ಲಿಷಿಗೆ ಹೇಳಲು ನಾನು ಬರಬೇಕಂತೆ. ಅವಳ ತುಳು ಅಷ್ಟಕ್ಕಷ್ಟೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಇಂಗ್ಲಿಷೇ ಮಾತಾಡು ಎಂದು ನಿಯಮ ಮಾಡಿದವನೂ ನಾನೇ. ಇನ್ನು ತಪ್ಪಿಸಿಕೊಳ್ಳಲು ಮೊಣಕಾಲು ಸಾಲಲಿಲ್ಲ. ಎಲ್ಲವನ್ನೂ ಹೇಳಿದೆ, ನನ್ನ ತಾಯಿಯಿಂದ ಶುರುಮಾಡಿ.

ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಅಜ್ಜಿ ಬಟ್ಟೆ ವ್ಯಾಪಾರ ಮಾಡ್ತಿದ್ರು ಅಂತ ಹೇಳಿದ್ರಿ ನೀವು."

"ಹೌದು. ಅದೂ ಸುಳ್ಳು."

"ಸರಿ. ನೀವು ಬನ್ನಿ. ಆದ್ರೆ ಕೇಳೋದು ನಾನೇ ಕೇಳ್ತೇನೆ."

ಹೋದೆವು. ಅವಳ ಹರಕು ತುಳು ಕೇಳಿ ಜನ ನಕ್ಕರು, ಅಕ್ಕ ನೀವು ಯಾವ ಊರಿನವರು ಎಂದು ಕಿಚಾಯಿಸಿದರು, ಆಮೇಲೆ ಮಾತಿಗೆ ಕುಳಿತರು. ಒಬ್ಬ ಬೇಗಬೇಗ ಏನೋ ಹೇಳಿದಾಗ ಅವಳಿಗೆ ತಿಳಿಯದೆ ನನ್ನ ಕಡೆ ತಿರುಗಿದಳು. ಮೀನು ತೊಳೆಯುವ ಜಾಗದ ಮಾತು. ಹುರುಪೆ, ವಾಸನೆ, ಹೊಗೆ ಎಲ್ಲವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಅವಳ ಜೊತೆಗಿದ್ದ ಎಂಜಿನಿಯರು ಮೂಗು ಮುಚ್ಚಿಕೊಳ್ಳಲಿಲ್ಲ. ನಲ್ಲಿ ಎಷ್ಟು ಎತ್ತರಕ್ಕೆ ಬೇಕು ಎಂದು ಕೇಳಿದ, ಅಷ್ಟೆ.

ಫಿಟ್ಟರನಿಗೆ ಗೊತ್ತಿರುವುದು ನನ್ನ ಮೊದಲ ಸುಳ್ಳು. ಆ ಮೀಟಿಂಗಿನ ಎರಡನೆಯ ಸುಳ್ಳು ಅವನಿಗೆ ಗೊತ್ತಿಲ್ಲ. ಈ ಬರಹವನ್ನು ಮೊದಲು ಅವನಿಗೇ ಓದಿ ಹೇಳಬೇಕೆಂದು ನಿನ್ನೆ ಊರಿಗೆ ಫೋನ್ ಮಾಡಿದೆ. ಕತಾರಿನಿಂದ ಎಂದು ತಿಳಿದು ಅವನಿಗೆ ಖುಷಿಯಾಯಿತು.

"ನಮ್ಮ ಕಲ್ಲು ಇನ್ನೂ ಉಂಟಾ ಬಾಸಣ್ಣ?"

ಉಂಟು ಎಂದೆ. ನಾನು ಈ ಸಲ ಆ ಕಡೆಗೇ ಹೋಗಿಲ್ಲ. ಕಲ್ಲು ಇದೆಯೋ, ಯಾರಾದರೂ ಕಿತ್ತು ಎಸೆದರೋ ನನಗೆ ತಿಳಿಯದು. ಕಾಗದ ಕೈಯಲ್ಲೇ ಇತ್ತು. ಒಂದು ಸಾಲೂ ಓದದೆ ಫೋನ್ ಇಟ್ಟೆ.

ಮೆಸಯೀದಿಗೆ ಕರೆದುಕೊಂಡು ಹೋಗು ಎಂದು ಇವತ್ತು ಮಗಳಿಗೆ ಹೇಳಿದ್ದೇನೆ. ಕಲ್ಲು ಇದ್ದರೆ ಇದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು ಅವನಿಗೆ ಹೇಳಬೇಕು. ಅಲ್ಲಿಂದ ಶುರುಮಾಡಿದರೆ ಉಳಿದದ್ದನ್ನೂ ಓದಲು ಬಂದೀತು.