ಸೋಪು ನೀರಿನ ಅಣ್ಣ

ನನ್ನ ಅಣ್ಣನ ಕೈಚೀಲದಲ್ಲಿ ಸ್ಪ್ಯಾನರು, ತಂತಿ ಬ್ರಷ್ಷು, ಹಳೇ ಬನಿಯನ್ ಹರಿದು ಮಾಡಿದ ಒರೆಸುವ ಬಟ್ಟೆ, ಇವುಗಳ ಜೊತೆಗೆ ಯಾವಾಗಲೂ ಒಂದು ಬಾಟಲಿ ಸೋಪು ನೀರು ಇರುತ್ತಿತ್ತು. ಮನೆಯ ಹೊರಗಿಟ್ಟು ಉರಿಸುವ ಗ್ಯಾಸ್ ಬಾರ್ಬೆಕ್ಯೂ ಒಲೆಗಳನ್ನು ಪರೀಕ್ಷಿಸುವುದು, ಕೆಟ್ಟಿದ್ದರೆ ರಿಪೇರಿ ಮಾಡುವುದು ಅವನ ಕೆಲಸ. ಮೂವತ್ತೊಂದು ವರ್ಷ ಒಂದೇ ಕಂಪನಿ, ಒಂದೇ ಕೆಲಸ. ಸಿಲಿಂಡರಿನಿಂದ ಒಲೆಯವರೆಗೆ ಪೈಪು ಎಲ್ಲೆಲ್ಲಿ ಸೇರುತ್ತದೋ ಅಲ್ಲೆಲ್ಲ ಬ್ರಷ್ಷಿನಿಂದ ಆ ನೀರು ಹಚ್ಚುತ್ತಿದ್ದ. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದು ಅರ್ಥ. ಆಫೀಸಿನವರು, ಗಿರಾಕಿಗಳು, ಕೊನೆಗೆ ನಮ್ಮ ಬೀದಿಯವರು ಕೂಡ ಅವನನ್ನು ಸೋಪು ನೀರಿನ ಅಣ್ಣ ಎಂದೇ ಕರೆಯುತ್ತಿದ್ದರು.

ಅವನು ಯಾರ ಮುಲಾಜಿಗೂ ಬೀಳುವವನಲ್ಲ. ಒಬ್ಬರು ನಿವೃತ್ತ ಮೇಷ್ಟ್ರು ಗಾಳಿಗೆ ಉರಿ ಆರುತ್ತದೆಂದು ಒಲೆಯನ್ನು ಕಾರ್ ಶೆಡ್ಡಿನೊಳಗೆ ತಳ್ಳಿಕೊಂಡು, ಶಟರನ್ನು ಅರ್ಧ ಎಳೆದು ಅಡುಗೆ ಮಾಡುತ್ತಿದ್ದರಂತೆ. ಅಣ್ಣ ಅವರ ಮೆಟ್ಟಿಲ ಮೇಲೆ ಕೂತುಬಿಟ್ಟ. "ಮೇಷ್ಟ್ರೇ, ಒಲೆಯಾದ್ರೂ ಹೊರಗೆ ಬರ್ಬೇಕು, ಇಲ್ಲಾ ನಾನಾದ್ರೂ ಇಲ್ಲೇ ಇರ್ಬೇಕು. ಯಾವುದು ಅಂತ ನೀವೇ ಹೇಳಿ" ಎಂದ. ಒಂದೂವರೆ ಗಂಟೆ ಕೂತಿದ್ದ. ಮೇಷ್ಟ್ರು ಗೊಣಗುತ್ತಲೇ ಒಲೆಯನ್ನು ಅಂಗಳಕ್ಕೆ ತಳ್ಳಿದರು. ಆಮೇಲೂ ಬಿಡದೆ, ಅದು ಗೋಡೆಯಿಂದ ನಾಲ್ಕು ಹೆಜ್ಜೆ ದೂರ ಇದೆಯೋ ಇಲ್ಲವೋ ಎಂದು ಕಾಲಲ್ಲೇ ಅಳೆದು ಬಂದನಂತೆ. ನಮ್ಮನ್ನು ಯಾರಾದರೂ ಊಟಕ್ಕೆ ಕರೆದರೆ ಮೊದಲು ಅವರ ಹಿತ್ತಲಿಗೆ ಹೋಗಿ ಸಿಲಿಂಡರ್ ನೆಟ್ಟಗೆ ನಿಂತಿದೆಯೇ ನೋಡುವುದು, ಆಮೇಲೆ ಅವರ ಮುಖ ನೋಡುವುದು. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ಅವನ ಮಗಳು ಮಗ್ಗಿ ಕಲಿಯುವ ವಯಸ್ಸಿನಲ್ಲೇ ಇದನ್ನೂ ಕಲಿತಿದ್ದಳು. ಮೊದಲು ಮುಚ್ಚಳ ತೆಗಿ. ಆಮೇಲೆ ಗ್ಯಾಸ್ ಬಿಡು. ಬಿಟ್ಟ ತಕ್ಷಣ ಹಚ್ಚು. ಹತ್ತಲಿಲ್ಲವಾದರೆ ಎಲ್ಲ ಬಂದ್ ಮಾಡಿ ಐದು ನಿಮಿಷ ದೂರ ನಿಲ್ಲು. ಅವಳು ಇದನ್ನು ಸ್ಕಿಪ್ಪಿಂಗ್ ಆಡುತ್ತ ರಾಗವಾಗಿ ಹೇಳುತ್ತಿದ್ದಳು. ಅತ್ತಿಗೆ ತೀರಿಕೊಂಡಾಗ ಅವಳಿಗೆ ಹನ್ನೊಂದು ವರ್ಷ. ನಾನು ಆಗ ಅಣ್ಣನ ಮನೆಗೆ ಬಂದವಳು ಇಲ್ಲೇ ಉಳಿದೆ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳಿದವರಿಗೆ ಪುರಸೊತ್ತಿರಲಿಲ್ಲ ಎನ್ನುತ್ತೇನೆ. ನನಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಹುಡುಗಿ ಬೆಳೆದು ಕೇಕಿನ ಅಂಗಡಿ ಸೇರಿದಳು, ಕೇಕಿನ ಮೇಲೆ ಕ್ರೀಮಿನ ಹೂವು, ಬಳ್ಳಿ ಬಿಡಿಸುತ್ತಾಳೆ. ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ.

ಅಣ್ಣನ ಮೂಗಿನ ವಿಷಯ ಹೇಳಬೇಕು, ಎಲ್ಲ ಅಲ್ಲೇ ಇದೆ. ಗ್ಯಾಸಿಗೆ ಅದರದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಕೊಳೆತ ಕೋಸಿನಂಥ ನಾತ ಬೆರೆಸಿ ಕಳಿಸುತ್ತಾರೆ. ಆ ನಾತ ಬೇರೆಯವರಿಗೆ ತಟ್ಟುವುದಕ್ಕೆ ಮುಂಚೆಯೇ ಅವನಿಗೆ ತಟ್ಟುತ್ತಿತ್ತು. ಗೇಟು ತೆಗೆಯುವಾಗಲೇ "ಏನೋ ಸೋರ್ತಾ ಇದೆ" ಎನ್ನುತ್ತಿದ್ದ, ಹುಡುಕಿದರೆ ಸೋರುತ್ತಲೇ ಇರುತ್ತಿತ್ತು. ನಮ್ಮ ಮನೆಯಲ್ಲಿ ನಾವು ಯಾರೂ ಆ ಬಗ್ಗೆ ತಲೆ ಕೆಡಿಸಿಕೊಂಡವರೇ ಅಲ್ಲ. ಅವನಿದ್ದಾನಲ್ಲ.

ಹೋದ ವರ್ಷ ಅವನಿಗೆ ಕೆಟ್ಟ ಜ್ವರ ಬಂತು. ಎದ್ದಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ನಾನು ಲಾಂಡ್ರಿಯಿಂದ ಬಂದು ಬಾಗಿಲು ತೆಗೆದರೆ ಹಾಲು ತಳಹಿಡಿದು, ಪಾತ್ರೆ ಕರ್ರಗಾಗಿ, ಇಡೀ ಮನೆ ಕಮಟು. ಅವನು ಹಾಳೆ ತಿರುವುತ್ತಿದ್ದ.

ನನಗೆ ಮೊದಲೇ ಕೋಪ ಜಾಸ್ತಿ. "ಪಕ್ಕದಲ್ಲೇ ಕೂತಿದ್ಯಲ್ಲ, ನಿನ್ನ ಮೂಗೇನು ಬಾಡಿಗೆಗೆ ಕೊಟ್ಟಿದ್ಯಾ?" ಎಂದು ಕೂಗಿದೆ.

ಅವನು ಪೇಪರ್ ಮಡಚಿದ. "ವಾಸನೆ ಬರಲ್ಲ ಕಣೆ. ಜ್ವರ ಬಿಟ್ಟಾಗಿಂದ."

"ಒಂಚೂರೂ?"

"ಒಂಚೂರೂ ಇಲ್ಲ. ಊಟಾನೂ ಅಷ್ಟೆ. ಬಿಸಿ, ತಣ್ಣಗೆ ಅಂತ ಗೊತ್ತಾಗತ್ತೆ."

ಆಫೀಸಿನಲ್ಲಿ ಹೇಳಿದೆಯಾ ಎಂದು ಕೇಳಿದೆ. ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಅವರು ಒಂದು ಫಾರಂ ಕೊಡುತ್ತಾರೆ. ಕಣ್ಣು, ಕಿವಿ, ಮೂಗು ಸರಿಯಾಗಿವೆಯೇ ಎಂದು. ಅದರಲ್ಲಿ ಹೌದು ಎಂದು ಗುರುತು ಹಾಕಿ ಬಂದಿದ್ದ. "ಸೋಪು ನೀರಿಗೆ ಮೂಗು ಬೇಕಾ? ಗುಳ್ಳೆ ಕಣ್ಣಿಗೆ ಕಾಣತ್ತೆ. ಇನ್ನು ಎರಡು ವರ್ಷ ಇದೆ, ಮುಗಿಸ್ತೀನಿ. ಮನೇಲಿ ಕೂತು ಏನ್ ಮಾಡ್ಲಿ, ನಿನ್ನ ಮುಖ ನೋಡ್ಲಾ?" ಎಂದ. ನಗಿಸಲು ಹೇಳಿದ್ದು, ಮುಖದಲ್ಲಿ ಮಾತ್ರ ನಗು ಇರಲಿಲ್ಲ. "ಮಗಳಿಗೆ ಹೇಳಬೇಡ" ಎಂದ. ನಾನು ಯಾರ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ. ಯಾಕೆ ಎಂದರೆ, ಆ ಕೆಲಸ ಇಲ್ಲದ ಅಣ್ಣನನ್ನು ನಾನು ನೋಡಿರಲಿಲ್ಲ, ನೋಡುವ ಧೈರ್ಯವೂ ನನಗಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವನು ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದ, ಉಪ್ಪು ಮರೆತರೂ ತಿನ್ನುತ್ತಿದ್ದ. ಹೇಗಿದೆ ಎಂದರೆ "ಚೆನ್ನಾಗಿದೆ" ಎನ್ನುತ್ತಿದ್ದ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಏನಾದರೂ ಅನ್ನಿಸುತ್ತದಾ ಎಂದು ಒಮ್ಮೆ ಕೇಳಿದ್ದಕ್ಕೆ, ಸ್ವಲ್ಪ ಯೋಚಿಸಿ, "ಏನೂ ಅನ್ನಿಸಲ್ಲ" ಎಂದ. ಬೇಜಾರಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ.

ಅದೊಂದು ಭಾನುವಾರ ಮಧ್ಯಾಹ್ನ ನಮ್ಮ ಹಿತ್ತಲಲ್ಲೇ ಊಟ ಎಂದು ಮಗಳು ಹೇಳಿ ಬಂದಿದ್ದಳು. ಅಳಿಯನಿಗೆ ಅಂದು ಡ್ಯೂಟಿ, ನಾವು ಮೂವರೇ. ನಮ್ಮ ಬಾರ್ಬೆಕ್ಯೂ ಯಾರೋ ಗಿರಾಕಿ ಬೇಡವೆಂದು ಬಿಟ್ಟಿದ್ದನ್ನು ಅಣ್ಣ ತಂದು ಸರಿಮಾಡಿಕೊಂಡದ್ದು. ಬಲಗಡೆಯ ನಾಬು ಸವೆದಿತ್ತು. ಬೇರೆ ಒಲೆಗಳಲ್ಲಿ ನಾಬನ್ನು ಒಳಕ್ಕೆ ಒತ್ತಿ ತಿರುಗಿಸಬೇಕು, ಇದು ಒತ್ತದೆಯೇ ತಿರುಗುತ್ತಿತ್ತು. ಗಿರಾಕಿಗಳ ಮನೆಯಲ್ಲಿ ಹೀಗಿದ್ದರೆ ಆ ಒಲೆ ಉರಿಸಬಾರದೆಂದು ಕೆಂಪು ಚೀಟಿ ಅಂಟಿಸಿ ಬರುತ್ತಿದ್ದ. ನಮ್ಮದಕ್ಕೆ ಹೊಸ ನಾಬು ನಾಳೆ ತಂದರಾಯಿತು, ನಾಳಿದ್ದು ತಂದರಾಯಿತು ಎಂದು ವರ್ಷ ಕಳೆದಿತ್ತು.

ಅವನು ಸಿಲಿಂಡರಿನ ವಾಲ್ವ್ ತಿರುಗಿಸಿ ಗ್ಯಾಸ್ ಬಿಟ್ಟು, ಪೈಪಿನ ಎರಡೂ ತುದಿಗೆ ಸೋಪು ನೀರು ಹಚ್ಚಿ ನೋಡಿದ. ಒಂದು ಗುಳ್ಳೆಯೂ ಇಲ್ಲ. ಆಮೇಲೆ ಎಲ್ಲ ಮನೆಗಳಲ್ಲಿ ಮಾಡುವಂತೆ ಬಟ್ಟೆ ತೆಗೆದು ಮುಚ್ಚಳದಿಂದ ನಾಬಿನವರೆಗೆ ಒಲೆಯನ್ನು ಒರೆಸಿದ. ಒರೆಸದೆ ಒಲೆ ಒಪ್ಪಿಸುವುದು ಅವನಿಗೆ ಆಗದು. ಬಲಗಡೆಯ ನಾಬು ಬಟ್ಟೆಯ ಜೊತೆಗೆ ಸ್ವಲ್ಪ ತಿರುಗಿತು. ಮುಚ್ಚಿದ ಮುಚ್ಚಳದ ಒಳಗೆ ಗ್ಯಾಸ್ ತುಂಬತೊಡಗಿತು. ಗಾಳಿಗಿಂತ ಭಾರವಾದ್ದರಿಂದ ಅದು ಮೇಲೆ ಹೋಗಲಿಲ್ಲ, ಒಲೆಯ ಹೊಟ್ಟೆಯಲ್ಲೇ ಕೂತಿತು. ಸೋಪು ನೀರು ಹಚ್ಚುವ ಜಾಗಗಳಲ್ಲಿ ಈ ಸೋರಿಕೆ ಇರಲಿಲ್ಲ. ಅಣ್ಣ ನಾಲ್ಕು ಹೆಜ್ಜೆ ಆಚೆ ಬೇಲಿಗೆ ಒರಗಿ, ಕೈಕಟ್ಟಿ ನಿಂತಿದ್ದ.

ಮಗಳು ಕೋಳಿ ತುಂಡು, ಜೋಳದ ತೆನೆ ಇಟ್ಟ ಟ್ರೇ ತಂದಳು. ಮುಚ್ಚಳ ಎತ್ತಿದಾಗ ಏನೋ ನಾತ ಬಂದಂತಾಯಿತಂತೆ. ಕೂಡಲೇ ಹಚ್ಚಲಿಲ್ಲ, ಕಲಿತವಳು, ಅಪ್ಪನ ಕಡೆ ತಿರುಗಿ ಕೇಳಿದಳು.

"ಹಚ್ಲಾ ಅಪ್ಪಾ?"

"ಹಚ್ಚು" ಎಂದ.

ಬುಸ್ಸೆಂದು ಒಂದೇ ಸದ್ದು. ನಾನು ಅಡುಗೆಮನೆಯಿಂದ ಓಡಿದಾಗ ಅವಳು ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನಿಂತಿದ್ದಳು, ಯಾರದೋ ಕೈ ಹಿಡಿದುಕೊಂಡವಳಂತೆ. ಹುಬ್ಬು ಇರಲಿಲ್ಲ. ಅಣ್ಣ ಮೊದಲು ಸಿಲಿಂಡರ್ ಬಂದ್ ಮಾಡಿದ, ಆಮೇಲೆ ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದು ಕೈಗಳನ್ನು ತಣ್ಣೀರಿನ ಕೆಳಗೆ ಹಿಡಿದ. ಗಡಿಯಾರ ನೋಡಿಕೊಂಡು ಪೂರ್ತಿ ಇಪ್ಪತ್ತು ನಿಮಿಷ ಹಿಡಿದಿದ್ದ. ನಾನು ಬೆಣ್ಣೆ ತರಲು ಹೋದರೆ "ಏನೂ ಹಚ್ಚಬೇಡ, ಆಂಬುಲೆನ್ಸಿಗೆ ಫೋನ್ ಮಾಡು" ಎಂದ.

ಕಣ್ಣು ಉಳಿದವು. ಕೈಗಳು ಬೆರಳಿನಿಂದ ಮೊಣಕೈವರೆಗೆ ಸುಟ್ಟಿದ್ದವು. ಬೆರಳುಗಳು ಮೊದಲಿನಂತೆ ಆಡುತ್ತವೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಮಗಳು ಹಾಸಿಗೆಯಲ್ಲಿ "ನಂದೇ ತಪ್ಪು, ಐದು ನಿಮಿಷ ಕಾಯ್ಬೇಕಿತ್ತು" ಎನ್ನುತ್ತಿದ್ದಳು. ಅಣ್ಣ ಅವಳ ಕಾಲ ಹತ್ತಿರ ನಿಂತು ಹೇಳಿದ. "ನಿಂದಲ್ಲ. ನಂಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ. ಯಾರಿಗೂ ಹೇಳಿರ್ಲಿಲ್ಲ."

ಯಾರಿಗೂ ಎಂದ. ನನ್ನನ್ನು ಬಿಟ್ಟುಕೊಡಲಿಲ್ಲ. ನಾನೂ ಸುಮ್ಮನೆ ನಿಂತಿದ್ದೆ.

ಅವಳು ಅವನನ್ನು ನೋಡಿದಳು. ಗೋಡೆಯ ಕಡೆ ತಿರುಗಿಕೊಂಡಳು. ಅಲ್ಲಿಂದ ಮುಂದೆ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ.

ಮರುದಿನ ಅಣ್ಣ ಆಫೀಸಿಗೆ ಹೋಗಿ ಎಲ್ಲ ಬರೆದುಕೊಟ್ಟು, ಕೈಚೀಲ ಅಲ್ಲೇ ಬಿಟ್ಟು ಬಂದ. ವರ್ಷವಿಡೀ ಅವನು ಸರಿ ಎಂದು ಬರೆದುಕೊಟ್ಟ ಒಲೆಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿದರಂತೆ. ಒಂದರಲ್ಲೂ ತಪ್ಪು ಸಿಗಲಿಲ್ಲ. ಈ ಸುದ್ದಿ ಕೇಳಿಯೂ ಅವನ ಮುಖದಲ್ಲಿ ಏನೂ ಆಗಲಿಲ್ಲ.

ಅಳಿಯನಿಗೆ ಹಗಲು ಕೆಲಸ ಇದ್ದುದರಿಂದ ಮಗಳನ್ನು ನಮ್ಮ ಮನೆಗೇ ತಂದೆವು. ಎರಡೂ ಕೈಗೆ ದಪ್ಪ ಬ್ಯಾಂಡೇಜು. ತಲೆ ಬಾಚುವುದು, ಬಾಯಿಗೆ ಚಮಚ ಹಿಡಿಯುವುದು ಎಲ್ಲ ನಾನೇ. ಮೊದಲ ದಿನ ಅಣ್ಣ ಸೂಪಿನ ಬಟ್ಟಲು ಹಿಡಿದು ಬಂದ. ಅವಳು ಮುಖ ತಿರುಗಿಸಿದಳು. ಅವನು ಬಟ್ಟಲನ್ನು ನನಗೆ ಕೊಟ್ಟು ಮೂಲೆಯ ಕುರ್ಚಿಯಲ್ಲಿ ಕೂತ. ದಿನಾ ಅಲ್ಲೇ ಕೂರುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ. ನಾನೂ ಹಾಗೇ ಇದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಲಾಂಡ್ರಿಗೆ ಹೋಗಿ ಬೇರೆಯವರ ಅಂಗಿಗಳ ಕಾಲರ್ ತೀಡುತ್ತಿದ್ದೆ.

ಅವಳು ಎರಡನೆಯ ದಿನವೇ ಕೇಳಿದ್ದಳು. "ಅತ್ತೆ, ಕಿಟಕಿ ತೆಗ್ದಿತ್ತಲ್ಲ, ಒಳಗೆ ನಿಂಗೆ ವಾಸನೆ ಬರ್ಲಿಲ್ವಾ?"

"ಇಲ್ಲ" ಎಂದೆ.

ಬಂದಿತ್ತು. ನಾನು ಹಿತ್ತಲ ಕಡೆಯ ಕಿಟಕಿಯ ಪಕ್ಕ ಈರುಳ್ಳಿ ಹೆಚ್ಚುತ್ತಿದ್ದೆ. ಆ ಕೊಳೆತ ನಾತ ಈರುಳ್ಳಿಯ ಘಾಟನ್ನೂ ಮೀರಿ ನನ್ನ ಮೂಗಿಗೆ ಬಡಿದಿತ್ತು. ಚಾಕು ಒಂದು ಕ್ಷಣ ನಿಂತಿತ್ತು ಕೂಡ. ಆಮೇಲೆ, ಅಣ್ಣ ಅಲ್ಲೇ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ ಎಂದುಕೊಂಡು ಹೆಚ್ಚುವುದನ್ನು ಮುಂದುವರಿಸಿದೆ. ಅವನಿಗೆ ವಾಸನೆ ಬರುವುದಿಲ್ಲ ಎಂದು ಪ್ರಪಂಚದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಹೊತ್ತಿಗೆ ಅದು ನನಗೆ ನೆನಪಾಗಲೇ ಇಲ್ಲ. ಮೂವತ್ತೊಂದು ವರ್ಷದ ರೂಢಿ ಎಂದು ಈಗ ಹೇಳಬಹುದು. ಹೇಳಿದರೆ ಅವಳ ಬೆರಳು ಸರಿಹೋಗುವುದಿಲ್ಲ.

ಹದಿನೇಳನೆಯ ದಿನ ಬ್ಯಾಂಡೇಜು ಬದಲಿಸಿಕೊಂಡು ಬಂದೆವು. ಮಧ್ಯಾಹ್ನ ಅವಳನ್ನು ದಿಂಬಿಗೆ ಒರಗಿಸಿ ಸೂಪು ಕುಡಿಸಲು ಕೂತೆ. ಅಣ್ಣ ಮೂಲೆಯಲ್ಲಿದ್ದ. ಅವಳು ಅವನಿಗೆ ಕೇಳಿಸುವಂತೆಯೇ ನನಗೆ ಹೇಳಿದಳು. "ನೀನೊಬ್ಳು ಇದ್ದಿದ್ದಕ್ಕೆ ಆಯ್ತು ಅತ್ತೆ. ಈ ಮನೇಲಿ ನಿನ್ನೊಬ್ಬಳನ್ನೇ ನಂಬೋದು ನಾನಿನ್ನು."

ಅಣ್ಣ ತಲೆ ತಗ್ಗಿಸಿದ. ಅವನು ಬೇಕಾದರೆ ಬಾಯಿ ಬಿಡಬಹುದಿತ್ತು, ಇವಳಿಗೂ ಗೊತ್ತಿತ್ತು ಎನ್ನಬಹುದಿತ್ತು. ಬಿಡಲಿಲ್ಲ. ಹೀಗೆ ತಲೆ ತಗ್ಗಿಸಿಕೊಂಡೇ ಅವನು ಇನ್ನುಳಿದ ವರ್ಷಗಳನ್ನು ಆ ಕುರ್ಚಿಯಲ್ಲಿ ಕಳೆಯುತ್ತಾನೆ ಎಂದು ನನಗೆ ಖಚಿತವಾಯಿತು.

ಚಮಚವನ್ನು ಬಟ್ಟಲಿಗೆ ಹಾಕಿದೆ. "ನಿಮ್ಮಪ್ಪನ ಮೂಗಿನ ವಿಷಯ ನಂಗೆ ಮೊದಲೇ ಗೊತ್ತಿತ್ತು. ಅವತ್ತು ನಂಗೆ ವಾಸನೆ ಬಂದಿತ್ತು. ನಾನು ಕೂಗ್ಲಿಲ್ಲ. ಆಮೇಲೆ ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಮೂಲೆಯಿಂದ ಅಣ್ಣ ಕೇಳಿದ, ಗಿರಾಕಿಗಳನ್ನು ಕೇಳುವ ದನಿಯಲ್ಲೇ. "ಎಷ್ಟು ಹೊತ್ತು ಬರ್ತಿತ್ತು?"

"ಎರಡು ಈರುಳ್ಳಿ ಹೆಚ್ಚೋ ಅಷ್ಟು."

"ನಾಲ್ಕು ನಿಮಿಷ" ಎಂದ.

ನಾನು ಮತ್ತೆ ಚಮಚ ತುಂಬಿ ಅವಳ ಬಾಯಿಯ ಹತ್ತಿರ ಹಿಡಿದೆ. ಏನು ಮಾಡಬೇಕು ಎಂದು ತೋಚದೆ ಹಿಡಿದದ್ದು. ಅವಳು ತುಟಿ ಬಿಗಿದುಕೊಂಡಳು. ನನ್ನನ್ನೇ ನೋಡುತ್ತಿದ್ದಳು, ತುಂಬ ಹೊತ್ತು ನೋಡಿದಳು. ಆಸ್ಪತ್ರೆಯಲ್ಲಿ ಅವಳಪ್ಪನನ್ನು ನೋಡಿದ್ದಳಲ್ಲ, ಅದೇ ನೋಟ.

"ಅತ್ತೆ, ಬಟ್ಲು ಅಪ್ಪನ ಕೈಗೆ ಕೊಡು" ಎಂದಳು.

ಕೊಟ್ಟೆ. ಅಣ್ಣ ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡ. ಮೊದಲ ಚಮಚವನ್ನು ಊದಿ, ತನ್ನ ತುಟಿಗೆ ಮುಟ್ಟಿಸಿ ಬಿಸಿ ನೋಡಿ, ಅವಳ ಮುಂದೆ ಹಿಡಿದ. ಅವಳು ಬಾಯಿ ತೆರೆದಳು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತೆ.